ಕಲ್ಲಿನ ಬಾಗಿಲು, ಕಲ್ಲಿನ ಕಹಳೆ

ವಿಯೆನ್ನಾ ನಗರದಲ್ಲಿ, ಆಸ್ಟ್ರಿಯದ ಚಕ್ರವರ್ತಿಗಳ ಹಳೆಯ ಅರಮನೆಗೆ ಅಂಟಿಕೊಂಡಂತೆ, ಅಗಸ್ಟೀನಿಯನ್ ಸಂನ್ಯಾಸಿಗಳ ಹೆಸರಿನ ಇಗರ್ಜಿಯೊಂದುಂಟು. ಅದರ ಒಳಗೋಡೆಯೊಂದಕ್ಕೆ ಬೆನ್ನು ಕೊಟ್ಟು ಅಮೃತಶಿಲೆಯ ಪಿರಮಿಡ್ಡೊಂದು ನಿಂತಿದೆ. ಪಿರಮಿಡ್ಡಿನ ನಡುವೆ ಬಾಗಿಲು. ಬಾಗಿಲೊಳಗೆ ಬರಿಯ ಕತ್ತಲೆ. ಆ ಕತ್ತಲೆಯ ಕಡೆಗೆ ಮೆಟ್ಟಿಲುಗಳನ್ನೇರಿ ಒಂದು ಸಣ್ಣ ಮೆರವಣಿಗೆ ಸಾಗುತ್ತಿದೆ. ಚಿತಾಭಸ್ಮದ ಕಲಶವನ್ನು ಹೊತ್ತು ತಲೆ ತಗ್ಗಿಸಿದ ಹೆಂಗಸೊಬ್ಬಳು. ಅವಳ ಇಕ್ಕೆಲಗಳಲ್ಲಿ ಪಂಜು ಹಿಡಿದ ಎಳೆಯ ಹುಡುಗಿಯರಿಬ್ಬರು. ಅವರ ಹಿಂದೆ, ಬೆನ್ನು ಬಾಗಿದ ಕುರುಡು ಮುದುಕನೊಬ್ಬನನ್ನು ಕೈಹಿಡಿದು ನಡೆಸುತ್ತಿರುವ ಇನ್ನೊಬ್ಬಳು. ಬಾಗಿಲಿನ ಮತ್ತೊಂದು ಪಕ್ಕದಲ್ಲಿ ಸಿಂಹವೊಂದು ಮಲಗಿದೆ. ಅದರ ಮೈಗೆ ಒರಗಿ ರೆಕ್ಕೆಯುಳ್ಳ ತರುಣನೊಬ್ಬ ಕುಳಿತಿದ್ದಾನೆ. ಇವರೆಲ್ಲರ ಕಾಲಡಿಯಲ್ಲಿ, ಮೆಟ್ಟಿಲುಗಳ ಮೇಲೆ ಹಾಸಿದ ತೆಳ್ಳನೆಯ ಜಮಖಾನ, ಅದೂ ಕಲ್ಲಿನದೇ, ಮಡಿಕೆಮಡಿಕೆಯಾಗಿ ಇಳಿದುಬಂದಿದೆ. ಅದರ ಒಂದು ತುದಿ ನಮ್ಮ ಕಾಲಿಗೆ ಸಿಗುವಷ್ಟು ಹತ್ತಿರದಲ್ಲಿದೆ. ಇನ್ನೊಂದು ತುದಿ ಬಾಗಿಲೊಳಗೆ ಹೊಕ್ಕು ಕಾಣದಾಗಿದೆ. ಶಿಲ್ಪಿಯು ಹೇಳಬೇಕೆಂದುದನ್ನೆಲ್ಲ ಆ ಜಮಖಾನ ಒಂದೇ ಹೇಳಿ ಮುಗಿಸುತ್ತದೆಂದು ನನಗೆ ತೋರುತ್ತದೆ.

ಇದು ಚಕ್ರವರ್ತಿನಿ ಮರಿಯಾ ಥೆರೇಸಳ ಮಗಳಾದ ಮರಿಯಾ ಕ್ರಿಸ್ಟೀನಾ ಎಂಬ ರಾಜಕುಮಾರಿಯ ಸ್ಮಾರಕ. ಅವಳು 1798ರಲ್ಲಿ ತೀರಿಕೊಂಡಳು. ಅವಳ ಪತಿ ಆಲ್ಬರ್ಟನು ಇಟಲಿಯ ಪ್ರಸಿದ್ಧ ಶಿಲ್ಪಿ ಆಂಟೋನಿಯೋ ಕನೋವನಿಂದ ಇದನ್ನು ಮಾಡಿಸಿದನು. 1805ರಲ್ಲಿ ಕೆಲಸ ಪೂರ್ಣವಾಯಿತು. ಬಾಗಿಲ ಮೇಲೆ, ಉತ್ತಮಳಾದ ಪತ್ನಿಗೆ ಆಲ್ಬರ್ಟನು ಅರ್ಪಿಸಿದ್ದು ಎಂಬರ್ಥದ ಮೂರೇ ಮೂರು ಲ್ಯಾಟಿನ್ ಪದಗಳಿವೆ. ಅದಕ್ಕೂ ಮೇಲೆ, ಸೌಖ್ಯದೇವತೆಯೊಬ್ಬಳು ಮೃತಳ ಮುಖವನ್ನು ಬಿಡಿಸಿದ ಬಿಲ್ಲೆಯನ್ನು ಎತ್ತಿ ಹಿಡಿದಿದ್ದಾಳೆ. ಬಿಲ್ಲೆಯ ಸುತ್ತ, ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಸರ್ಪ. ಆದಿಯಿಲ್ಲ, ಅಂತ್ಯವಿಲ್ಲ ಎಂಬುದರ ಸಂಕೇತವದು. ಇಷ್ಟು ದೊಡ್ಡ ಸ್ಮಾರಕದಲ್ಲಿ ಆ ರಾಜಕುಮಾರಿಗೆ ಸೇರಿದ್ದು ಈ ಬಿಲ್ಲೆಯೊಂದೇ. ಅವಳ ದೇಹವೂ ಅಲ್ಲಿಲ್ಲ. ಅದಿರುವುದು ಸಮೀಪದ ಕಪೂಚಿನ್ ಇಗರ್ಜಿಯ ನೆಲಮಾಳಿಗೆಯಲ್ಲಿ, ಹ್ಯಾಪ್ಸ್‌ಬರ್ಗ್ ವಂಶದವರ ಶವಪೆಟ್ಟಿಗೆಗಳ ನಡುವೆ. ಎಂದರೆ ಕಣ್ಣೀರಿಡುತ್ತ ಮೆಟ್ಟಿಲೇರುವ ಈ ಜನರೆಲ್ಲರೂ ಬರಿದಾದ ಗೋರಿಯೊಂದರೊಳಕ್ಕೆ ನಡೆಯುತ್ತಿದ್ದಾರೆ. ಇನ್ನೂ ಒಂದು ಮಾತು: ಕ್ರೈಸ್ತ ದೇವಾಲಯದೊಳಗೆ, ಕ್ರೈಸ್ತ ರಾಜವಂಶದ ಹೆಣ್ಣುಮಗಳೊಬ್ಬಳಿಗೆಂದು ನಿಲ್ಲಿಸಿದ ಈ ಶಿಲ್ಪಸಮೂಹದಲ್ಲಿ ಶಿಲುಬೆಗೆ ಸ್ಥಾನ ದೊರಕಿಲ್ಲ.

ಧರ್ಮಶ್ರದ್ಧೆಯುಳ್ಳ ಜನ ಇಂಥ ಸ್ಮಾರಕವನ್ನು ತಮ್ಮ ಪೂಜಾಮಂದಿರದಲ್ಲಿ ಹೇಗೆ ಒಪ್ಪಿಕೊಂಡರೆಂಬುದು ಯೋಚಿಸತಕ್ಕ ವಿಷಯ. ಹದಿನೆಂಟನೆಯ ಶತಮಾನದ ನಡುಗಾಲದಲ್ಲಿ ಪಾಂಪೇಯಿಯೇ ಮೊದಲಾದ ಹೂತುಹೋದ ಪಟ್ಟಣಗಳನ್ನು ಅಗೆದು ತೆಗೆದದ್ದು, ವಿಂಕೆಲ್ಮನ್ ಎಂಬ ಜರ್ಮನ್ ಪಂಡಿತನು ಗ್ರೀಕ್ ಶಿಲ್ಪದ ಶಾಂತಗಾಂಭೀರ್ಯವನ್ನು ಕೊಂಡಾಡಿದ್ದು, ಇವುಗಳಿಂದ ಯೂರೋಪಿನ ಕಲೆಯೆಲ್ಲ ಪ್ರಾಚೀನ ಗ್ರೀಸ್ ರೋಮುಗಳ ಕಡೆಗೆ ಮುಖ ತಿರುಗಿಸಿದ ಕಥೆ ಎಲ್ಲರೂ ಬಲ್ಲದ್ದು; ಅದನ್ನಿಲ್ಲಿ ಬೆಳೆಸಬೇಕಾಗಿಲ್ಲ. ಈ ನವ ಅಭಿಜಾತ ಶೈಲಿಯು ಕಂಬ ಕಮಾನುಗಳ ರೂಪವನ್ನು ಮಾತ್ರ ಬದಲಾಯಿಸಿದ್ದಲ್ಲ. ಮೃತ್ಯುವಿನ ಮುಖವನ್ನೇ ಬದಲಾಯಿಸಿತು. ಅದಕ್ಕೆ ಮುಂಚೆ ಆ ಮುಖ ಹೇಗಿದ್ದಿತೆಂಬುದನ್ನು ನೋಡಬೇಕಾದರೆ ರೋಮಿನ ಸೇಂಟ್ ಪೀಟರ್ ಮಹಾಮಂದಿರದಲ್ಲಿ ಬೆರ್ನೀನಿಯು 1678ರ ವೇಳೆಗೆ ಮುಗಿಸಿದ ಏಳನೆಯ ಅಲೆಕ್ಸಾಂಡರ್ ಪೋಪನ ಗೋರಿಯ ಬಳಿಗೆ ಹೋಗಬೇಕು. ಅಲ್ಲಿ ಪೋಪನು ಮೇಲೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದಾನೆ. ಕೆಳಗೆ, ಕೆಂಪುಕಲ್ಲಿನ ಭಾರವಾದ ತೆರೆಯನ್ನು ಸರಿಸಿಕೊಂಡು, ಹೊನ್ನಬಣ್ಣದ ಅಸ್ಥಿಪಂಜರವೊಂದು ಹೊರಕ್ಕೆ ನುಗ್ಗಿ ಮರಳಿನ ಗಡಿಯಾರವನ್ನು ಎತ್ತಿ ತೋರುತ್ತಿದೆ: ಹೊತ್ತಾಯಿತು, ಏಳು! ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ರೂಬಿಲಿಯಾಕನು 1761ರಲ್ಲಿ ಮಾಡಿಟ್ಟ ನೈಟಿಂಗೇಲ್ ಸ್ಮಾರಕದಲ್ಲಂತೂ ಅಸ್ಥಿಪಂಜರವು ನೆಲಮಾಳಿಗೆಯ ಕಬ್ಬಿಣದ ಬಾಗಿಲು ತೆರೆದು ಬಂದು ಸಾಯುತ್ತಿರುವ ತರುಣಿಯ ಎದೆಗೆ ಭರ್ಜಿಯನ್ನು ಗುರಿಯಿಟ್ಟಿದೆ. ಗಂಡನು ಅವಳನ್ನು ಅಪ್ಪಿ ಹಿಡಿದು, ಬರಿಗೈಯನ್ನು ಚಾಚಿ ಆ ಭರ್ಜಿಯನ್ನು ತಡೆಯಲು ಹವಣಿಸುತ್ತಿದ್ದಾನೆ. ನೋಡಿದವನಿಗೆ ಮೈ ನಡುಗಬೇಕು, ನಡುಗಿ ಪಾಪಭೀತಿ ಹುಟ್ಟಬೇಕು, ಹುಟ್ಟಿದ ಭೀತಿ ಅವನನ್ನು ದೇವರ ಕಡೆಗೆ ಅಟ್ಟಬೇಕು. ಇದು ಆ ಶಿಲ್ಪದ ಉದ್ದೇಶ.

1769ರಲ್ಲಿ ಲೆಸಿಂಗ್ ಎಂಬ ಜರ್ಮನ್ ವಿಮರ್ಶಕನು, ಪ್ರಾಚೀನರು ಮೃತ್ಯುವನ್ನು ಹೇಗೆ ರೂಪಿಸಿದರು ಎಂಬ ವಿಷಯವಾಗಿ ಒಂದು ಪುಟ್ಟ ಪ್ರಬಂಧವನ್ನು ಬರೆದನು. ಹೋಮರನ ಕಾವ್ಯದಲ್ಲಿ ನಿದ್ರೆಯೂ ಮೃತ್ಯುವೂ ಅವಳಿಮಕ್ಕಳು. ಯುದ್ಧದಲ್ಲಿ ಮಡಿದ ಸಾರ್ಪೆಡಾನನ ದೇಹವನ್ನು ಅವರಿಬ್ಬರೂ ಹೊತ್ತು ಅವನ ನಾಡಿಗೆ ತಲುಪಿಸುತ್ತಾರೆ. ಹಾಗಾದರೆ, ಪ್ರಾಚೀನ ಶವಪೆಟ್ಟಿಗೆಗಳ ಮೇಲೆ, ಪಂಜನ್ನು ತಲೆಕೆಳಗುಮಾಡಿ ನೆಲಕ್ಕೊತ್ತಿ, ಕಾಲ ಮೇಲೆ ಕಾಲಿಟ್ಟು ನಿಂತ ರೆಕ್ಕೆಯ ಹುಡುಗನಿರುತ್ತಾನಲ್ಲ, ಅವನೇ ಮೃತ್ಯು, ನಿದ್ರೆಯ ತಮ್ಮ, ಅಸ್ಥಿಪಂಜರ ಗ್ರೀಕರ ಮೃತ್ಯುವಲ್ಲ. ಇದು ಲೆಸಿಂಗನ ವಾದ. ಅದರ ವಿವರಗಳಲ್ಲಿ ಪಂಡಿತರು ಏನೇನು ತಪ್ಪು ಹಿಡಿದಿರಲಿ, ಶಿಲ್ಪಿಗಳು ಮಾತ್ರ ಅದನ್ನು ವರವೆಂಬಂತೆ ಸ್ವೀಕರಿಸಿದರು. ಕನೋವನು 1792ರಲ್ಲಿ ಮುಗಿಸಿದ ಹದಿಮೂರನೆಯ ಕ್ಲೆಮೆಂಟ್ ಪೋಪನ ಗೋರಿಯಲ್ಲಿ, ಬೆರ್ನೀನಿಯ ಅಸ್ಥಿಪಂಜರವಿದ್ದ ಅದೇ ಮಹಾಮಂದಿರದಲ್ಲಿ, ಆ ತರುಣನೇ ತಲೆಕೆಳಗಾದ ಪಂಜಿನೊಡನೆ ಒರಗಿ ಕುಳಿತಿದ್ದಾನೆ. ಅವನ ಮುಖದಲ್ಲಿ ಕ್ರೌರ್ಯವಿಲ್ಲ, ಕರ್ತವ್ಯನಿಷ್ಠೆಯೂ ಇಲ್ಲ, ಸ್ವಲ್ಪ ಬೇಸರವಿದೆ, ಅಷ್ಟೆ.

ಈ ಬದಲಾವಣೆಯನ್ನು ಕೆಲವರು ಸೌಂದರ್ಯಮೋಹವೆಂದು ಹಳಿದಿದ್ದಾರೆ. ಸಾವಿಗೆ ಗಂಧ ಪೂಸಿ ಚೆಂದಮಾಡಿದರೆ ಅದರ ಕಹಿ ಹೋದೀತೆ ಎಂಬುದು ಅವರ ಪ್ರಶ್ನೆ. ನನಗೆ ಆ ಆಕ್ಷೇಪಣೆ ಪೂರ್ತಿ ಸರಿಯೆನಿಸುವುದಿಲ್ಲ. ಅಸ್ಥಿಪಂಜರವು ಹೆದರಿಸುತ್ತದೆ, ನಿಜ. ಆದರೆ ಹೆದರಿಸುವವನು ಏನನ್ನೋ ಬಲ್ಲವನಂತೆ ನಟಿಸುತ್ತಾನೆ. ಅದರ ಹಿಂದೆ ಸ್ವರ್ಗನರಕಗಳ ನಕ್ಷೆಯೊಂದು ಸಿದ್ಧವಾಗಿದೆ. ಆ ನಕ್ಷೆಯಲ್ಲಿ ನಂಬಿಕೆಯಿದ್ದವನಿಗೇ ಅದರ ಭಯ. ತಲೆಕೆಳಗಾದ ಪಂಜಾದರೋ ತಾನು ಕಂಡಷ್ಟನ್ನೇ ಹೇಳುತ್ತದೆ: ಉರಿಯುತ್ತಿದ್ದುದು ಈಗ ಉರಿಯುತ್ತಿಲ್ಲ. ವಿಯೆನ್ನಾದ ಬಾಗಿಲೂ ಹಾಗೆಯೇ. ಒಳಗೆ ಏನಿದೆಯೆಂದು ಅದು ಹೇಳುವುದಿಲ್ಲ. ಏನೂ ಇಲ್ಲವೆಂದೂ ಹೇಳುವುದಿಲ್ಲ.

ಇದನ್ನು ನಮ್ಮವರ ದೃಷ್ಟಿಯಿಂದ ನೋಡಿದರೆ ಒಂದು ವ್ಯತ್ಯಾಸ ಕಾಣದೆ ಇರದು. ಕನ್ನಡನಾಡಿನ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಗಳು: ಕೆಳಗೆ ಕಾಳಗ, ನಡುವೆ, ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ, ಲಿಂಗದ ಮುಂದೆ ಕೈಮುಗಿದು ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು. ತುರು ಕಾದು ಮಡಿದ ಹಳ್ಳಿಯ ಆಳು ಎಲ್ಲಿಗೆ ಹೋದನೆಂಬ ವಿಷಯದಲ್ಲಿ ಆ ಕಲ್ಲುಕುಟಿಗನಿಗೆ ಲವಲೇಶವೂ ಸಂದೇಹವಿಲ್ಲ. ಕನೋವನ ಮೆರವಣಿಗೆಗೆ ಮೇಲಿನ ಎರಡು ಪಟ್ಟಿಗಳಿಲ್ಲ. ಅದು ಹೊಸ್ತಿಲಿನಲ್ಲಿಯೇ ನಿಲ್ಲುತ್ತದೆ. ಹೊಸ್ತಿಲೆಂದೊಡನೆ ನಚಿಕೇತನ ನೆನಪಾಗುತ್ತದೆ. ಕಠೋಪನಿಷತ್ತಿನ ಆ ಹುಡುಗನೂ ಮೃತ್ಯುವಿನ ಮನೆಯಲ್ಲಿ ಮೂರು ರಾತ್ರಿ ಅನ್ನವಿಲ್ಲದೆ ಕಾದನು. ಆದರೆ ಮನೆಯ ಯಜಮಾನನು ಬಂದಮೇಲೆ ಅವನು ಕೇಳಿದ್ದು ಶಿಲ್ಪಿಗಳು ಮುಟ್ಟದೆ ಬಿಟ್ಟ ಪ್ರಶ್ನೆಯನ್ನೇ: ಸತ್ತವನು ಇದ್ದಾನೆಂದು ಕೆಲವರು, ಇಲ್ಲವೆಂದು ಕೆಲವರು, ನಿಜವೇನು? ಯಮನು ಉತ್ತರವನ್ನು ತಪ್ಪಿಸಿಕೊಳ್ಳಲು ಕೊಡಹೋದ ಪಟ್ಟಿಯಲ್ಲಿ ಆನೆ ಕುದುರೆ ಹೊನ್ನು, ದೀರ್ಘಾಯುಸ್ಸು, ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಭೂಮಂಡಲದ ಒಡೆತನ ಎಲ್ಲವೂ ಉಂಟು. ಹುಡುಗನು ಒಂದನ್ನೂ ಮುಟ್ಟಲಿಲ್ಲ. ಹದಿನೆಂಟನೆಯ ಶತಮಾನದ ಯೂರೋಪು ಆ ಪ್ರಶ್ನೆಯನ್ನು ಕೇಳುವ ಧೈರ್ಯವನ್ನು ಕಳೆದುಕೊಂಡಿತ್ತೋ, ಹಳೆಯ ಉತ್ತರದಲ್ಲಿ ನಂಬಿಕೆಯನ್ನು ಕಳೆದುಕೊಂಡಿತ್ತೋ, ಅಂತೂ ಯಮನ ಪಟ್ಟಿಯ ಧಾಟಿಯಲ್ಲೇ ಬೇರೊಂದು ವರವನ್ನು ಆರಿಸಿ ಕೈಯೊಡ್ಡಿತು. ಆ ವರವೇ ಕೀರ್ತಿ.

ಅದರ ಮಾತಿಗೆ ಬರುವ ಮೊದಲು ಕಲಶದ ವಿಚಾರವಾಗಿ ಎರಡು ಮಾತು ಹೇಳಬೇಕು. ಏಕೆಂದರೆ ಈ ಶೈಲಿಯ ಸ್ಮಾರಕಗಳಲ್ಲಿ ಕಲಶದಷ್ಟು ಪದೇ ಪದೇ ಕಾಣುವ ವಸ್ತು ಬೇರೊಂದಿಲ್ಲ. ಅರ್ಧ ವಸ್ತ್ರ ಮುಚ್ಚಿದ ಕಲಶ, ಕಂಬದ ಮೇಲಿನ ಕಲಶ, ಅದರ ಮೇಲೆ ಬಾಗಿ ಅಳುವ ಹೆಂಗಸು. ಇಂಗ್ಲೆಂಡಿನ ಹಳ್ಳಿಯ ಇಗರ್ಜಿಗಳಿಂದ ಹಿಡಿದು ಕಲ್ಕತ್ತೆಯ ಸಾಹೇಬರ ಗೋರಿಗಳವರೆಗೆ ಇದೇ ಆಯಿತು. ಗ್ರೀಕರೂ ರೋಮನರೂ ಹೆಣವನ್ನು ಸುಟ್ಟು ಬೂದಿಯನ್ನು ಕಲಶದಲ್ಲಿಟ್ಟದ್ದು ನಿಜ. ಆದರೆ ಈ ಸ್ಮಾರಕಗಳನ್ನು ಕಟ್ಟಿಸಿದ ಜನ ಸುಡುವವರಲ್ಲ, ಹೂಳುವವರು. ಶವಸಂಸ್ಕಾರಕ್ಕೆ ಬೆಂಕಿಯೆಂದರೆ ಬೆಚ್ಚಿಬೀಳುವವರು. ಆದುದರಿಂದ ಆ ಸಾವಿರಾರು ಕಲಶಗಳಲ್ಲಿ ಒಂದರೊಳಗೂ ಬೂದಿಯಿಲ್ಲ. ಎಷ್ಟೋ ಕಲಶಗಳಿಗೆ ಒಳಗೆಂಬುದೇ ಇಲ್ಲ, ಗಟ್ಟಿಕಲ್ಲು. ಇದು ನಮ್ಮ ಕಣ್ಣಿಗೆ ವಿಚಿತ್ರವಾಗಿ ಕಾಣುವುದು ಸಹಜ. ನಾವು ಸುಡುತ್ತೇವೆ, ಅಸ್ಥಿಯನ್ನು ಆಯ್ದು ಮಣ್ಣಿನ ಕುಡಿಕೆಯಲ್ಲಿಟ್ಟು, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೋ ಇನ್ನಾವುದಾದರೂ ನದಿಗೋ ಒಯ್ದು ಬಿಡುತ್ತೇವೆ, ಕುಡಿಕೆಯನ್ನು ಇಟ್ಟುಕೊಳ್ಳುವ ಮಾತೇ ಇಲ್ಲ. ಅಸ್ಥಿಯನ್ನು ಮನೆಯೊಳಗೆ ಇಡಬಾರದೆಂದು ಮರಕ್ಕೆ ಕಟ್ಟಿಬರುವುದೂ ಉಂಟು. ನಮ್ಮಲ್ಲಿ ಪಾತ್ರೆ ಬರಿಯ ವಾಹಕ. ಅವರಲ್ಲಿ ಪಾತ್ರೆಯೇ ಉಳಿದು, ತುಂಬಬೇಕಾದ ವಸ್ತುವೇ ಮಾಯವಾಗಿದೆ. ಆದರೂ ಆ ಬರಿಗಲಶದ ಮುಂದೆ ನಿಂತವರು ಅತ್ತರು. ಅದು ಸುಳ್ಳು ಅಳುವೆಂದು ನಾನು ಹೇಳಲಾರೆ.

ಈಗ ಕೀರ್ತಿಯ ವಿಷಯ. ಈ ದೇವತೆಯ ವಂಶಾವಳಿ ಅಷ್ಟೇನೂ ಗೌರವದ್ದಲ್ಲ. ವರ್ಜಿಲನ ಮಹಾಕಾವ್ಯದ ನಾಲ್ಕನೆಯ ಸರ್ಗದಲ್ಲಿ ಅವಳು ಒಂದು ಪಿಶಾಚಿ. ಮೈಮೇಲೆ ಎಷ್ಟು ಗರಿಗಳೋ ಅಷ್ಟು ಕಣ್ಣು, ಅಷ್ಟು ನಾಲಗೆ, ಅಷ್ಟು ಕಿವಿ. ನಡೆಯುತ್ತ ನಡೆಯುತ್ತ ಬೆಳೆಯುವ ಸ್ವಭಾವ. ನಿಜವನ್ನೂ ಸುಳ್ಳನ್ನೂ ಒಂದೇ ಉಸಿರಿನಲ್ಲಿ ಸಾರುವುದು ಕಸುಬು. ಅದೇ ಪಿಶಾಚಿ, ಮುಂದೆ ಚಿತ್ರಗಾರರ ಕೈಗೆ ಸಿಕ್ಕಿ ಪಳಗಿ, ಬಿಳಿಯ ಉಡುಪುಟ್ಟ, ರೆಕ್ಕೆಯುಳ್ಳ, ಕಹಳೆ ಹಿಡಿದ ಸುಂದರಿಯಾಗಿ ಗೋರಿಗಳ ಮೇಲೆ ಬಂದು ನಿಂತಳು. ಹುಟ್ಟುಗುಣ ಹೋಗಲಿಲ್ಲವೆನ್ನುವುದಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅಂದವಾದ ಸಾಕ್ಷಿಯೊಂದಿದೆ. ಆರ್ಗೈಲ್ ಪ್ರಾಂತ್ಯದ ಡ್ಯೂಕನಾಗಿದ್ದ ಜಾನನಿಗೆ ರೂಬಿಲಿಯಾಕನು 1749ರಲ್ಲಿ ಮುಗಿಸಿದ ಸ್ಮಾರಕದಲ್ಲಿ ಒಬ್ಬ ದೇವಿಯು, ಕೆಲವರು ಅವಳನ್ನು ಕೀರ್ತಿಯೆಂದೂ ಕೆಲವರು ಇತಿಹಾಸವೆಂದೂ ಕರೆಯುತ್ತಾರೆ, ಪಿರಮಿಡ್ಡಿನ ಮೈಮೇಲೆ ಅವನ ಬಿರುದುಗಳನ್ನು ಬರೆಯುತ್ತಿದ್ದಾಳೆ. ಆರ್ಗೈಲಿನ ಡ್ಯೂಕನೂ ಗ್ರೀನಿಚ್ಚಿನ ಡ್ಯೂಕನೂ ಎಂದು ಬರೆಯಹೊರಟವಳು ಗ್ರೀನಿಚ್ ಎಂಬ ಹೆಸರಿನ ಮೊದಲೆರಡು ಅಕ್ಷರಕ್ಕೆ ಕೈ ನಿಲ್ಲಿಸಿಬಿಟ್ಟಿದ್ದಾಳೆ. ಕಾರಣ, ಅವನಿಗೆ ಗಂಡುಮಕ್ಕಳಿರಲಿಲ್ಲ. ಆ ಎರಡನೆಯ ಪದವಿ ಅವನೊಡನೆಯೇ ಅಳಿಯಿತು. ಅಳಿದ ಬಿರುದನ್ನು ಅರ್ಧ ಕೆತ್ತಿ ಬಿಡಬೇಕೆಂದು ತೋಚಿದ ಶಿಲ್ಪಿ ಎಂಥ ರಸಿಕನಾಗಿದ್ದಿರಬೇಕು! ರೂಬಿಲಿಯಾಕನು ಇನ್ನೂ ಹಳೆಯ ಸಂಪ್ರದಾಯದವನು. ಅವನ ಮುಂದಿನ ಪೀಳಿಗೆಯ ಗಂಭೀರ ಶಿಲ್ಪಿಗಳಲ್ಲಿ ಈ ಕುಚೋದ್ಯ ಅಪರೂಪ. ಅವರ ಕೀರ್ತಿದೇವತೆ ಯಾರಿಗಾದರೂ ಸರಿಯೆ, ಕೇಳಿದೊಡನೆ ಹಾರ ಹಾಕುತ್ತಾಳೆ.

ಲಂಡನ್ನಿನ ಸೇಂಟ್ ಪಾಲ್ ಮಹಾಮಂದಿರ ಅಂಥ ಹಾರಗಳ ಅಂಗಡಿಯಾಯಿತು. ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ ಪಾರ್ಲಿಮೆಂಟು ಹಣ ಮಂಜೂರುಮಾಡಿ, ಮಡಿದ ದಳಪತಿಗಳಿಗೂ ನಾವಿಕರಿಗೂ ಒಂದರ ಮೇಲೊಂದರಂತೆ ಅಲ್ಲಿ ಸ್ಮಾರಕಗಳನ್ನು ನಿಲ್ಲಿಸಿತು. ಹಡಗಿನ ಕಪ್ತಾನರನ್ನು ಗ್ರೀಕ್ ವೀರರೆಂದು ತೋರಿಸುವ ಭರದಲ್ಲಿ ಥಾಮಸ್ ಬ್ಯಾಂಕ್ಸ್ ಎಂಬ ಶಿಲ್ಪಿ ಅವರ ಬಟ್ಟೆಯನ್ನೆಲ್ಲ ಕಳಚಿಹಾಕಿದನು. ಬತ್ತಲೆ ಮೈಯ ಕ್ಯಾಪ್ಟನ್ ಬರ್ಜೆಸ್ಸನು ವಿಜಯಲಕ್ಷ್ಮಿಯ ಕೈಯಿಂದ ಖಡ್ಗ ತೆಗೆದುಕೊಳ್ಳುವುದನ್ನು ನೋಡಿ ಅವನ ಕಾಲದವರೇ ನಕ್ಕರು. ಮಹಾಪಂಡಿತ ಜಾನ್ಸನ್ನನಿಗೆ ಜಾನ್ ಬೇಕನ್ ಎಂಬವನು ರೋಮನ್ ಉತ್ತರೀಯ ಹೊದಿಸಿ, ತೋಳು ಕಾಲುಗಳನ್ನು ಬರಿದುಮಾಡಿ ನಿಲ್ಲಿಸಿದನು. ಬದುಕಿದ್ದಾಗ ಮಾಸಿದ ವಿಗ್ಗು, ಗುಂಡಿ ಕಿತ್ತ ಅಂಗಿಗಳಲ್ಲಿ ಓಡಾಡಿದ ಆ ಬೃಹತ್ಕಾಯನು ಈ ವೇಷದಲ್ಲಿ ತನ್ನನ್ನು ತಾನು ಕಂಡಿದ್ದರೆ ಏನೆನ್ನುತ್ತಿದ್ದನೋ!

ಆದರೆ ಆ ಮಂದಿರದೊಳಕ್ಕೆ ಎಲ್ಲರಿಗಿಂತ ಮೊದಲು ಪ್ರವೇಶ ಪಡೆದ ಸ್ಮಾರಕ ಇವರಾರದೂ ಅಲ್ಲ, ಜಾನ್ ಹೋವರ್ಡನದು. ಅದನ್ನು ಮಾಡಿದವನೂ ಬೇಕನನೇ; 1796ರಲ್ಲಿ ಅದು ನಿಂತಿತು. ಹೋವರ್ಡನು ಸೆರೆಮನೆಗಳ ಸುಧಾರಣೆಗಾಗಿ ತನ್ನ ಬಾಳನ್ನೂ ಹಣವನ್ನೂ ಸವೆಸಿದವನು. ಯೂರೋಪಿನ ಬಂದೀಖಾನೆಗಳನ್ನೆಲ್ಲ ಸುತ್ತಿ, ಕೊನೆಗೆ ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದ ಖೆರ್ಸೋನ್ ಎಂಬಲ್ಲಿ 1790ರಲ್ಲಿ ಜ್ವರದಿಂದ ಸತ್ತನು. ಅವನು ಬದುಕಿದ್ದಾಗಲೇ ಅಭಿಮಾನಿಗಳು ಅವನ ಪ್ರತಿಮೆಗೆಂದು ಚಂದಾ ಎತ್ತಿದ್ದರು. ಅವನು ಹಟಹಿಡಿದು ಅದನ್ನು ನಿಲ್ಲಿಸಿದನು. ಸಾಯುವಾಗ ಅವನು ಕೇಳಿಕೊಂಡದ್ದು, ಸಮಾಧಿಯ ಮೇಲೆ ನೆರಳಿನ ಗಡಿಯಾರವೊಂದನ್ನು ಇಟ್ಟು ತನ್ನನ್ನು ಮರೆತುಬಿಡಿ ಎಂದು. ಎಷ್ಟು ಉಚಿತವಾದ ಸ್ಮಾರಕ! ನೆರಳಿನ ಗಡಿಯಾರ ಸತ್ತವನ ಮಾತನ್ನೇ ಎತ್ತುವುದಿಲ್ಲ. ದಾರಿಹೋಕನಿಗೆ ಹೊತ್ತೆಷ್ಟಾಯಿತೆಂದು ಹೇಳಿ ಸುಮ್ಮನಾಗುತ್ತದೆ. ಮರೆತುಬಿಡಿ ಎಂದವನನ್ನು ಆ ಜನ ಮರೆಯಲಿಲ್ಲ. ಒಂದು ಕೈಗೆ ಸೆರೆಮನೆಯ ಬೀಗದ ಕೈ ಕೊಟ್ಟು, ಕಾಲ ಕೆಳಗೆ ಮುರಿದ ಸಂಕೋಲೆ ಹಾಕಿ, ಮಹಾಮಂದಿರದಲ್ಲಿ ನಿಲ್ಲಿಸಿದರು. ನೋಡಹೋದವರಲ್ಲಿ ಕೆಲವರು, ಬೀಗದ ಕೈ ಹಿಡಿದ ಇವನನ್ನು ಸ್ವರ್ಗದ ಬಾಗಿಲು ಕಾಯುವ ಸಂತ ಪೀಟರನೆಂದೂ, ಜೊತೆಗೆ ನಿಂತ ಜಾನ್ಸನ್ನನನ್ನು ಸಂತ ಪಾಲನೆಂದೂ ತಿಳಿದುಕೊಂಡರೆಂಬ ಕಥೆ ಪ್ರಚಾರದಲ್ಲಿದೆ. ಕೀರ್ತಿಯನ್ನು ಒಲ್ಲೆನೆಂದವನಿಗೆ ಕೀರ್ತಿ ಬಂತು. ಬಂದದ್ದೂ ಮತ್ತೊಬ್ಬನ ಹೆಸರಿಗೆ ಜಮೆಯಾಯಿತು.

ಕೀರ್ತಿಯನ್ನು ದೇವರ ಸ್ಥಾನದಲ್ಲಿ ಬಹಿರಂಗವಾಗಿಯೇ ಕೂರಿಸಿದವರು ಫ್ರೆಂಚರು. ಪ್ಯಾರಿಸ್ಸಿನಲ್ಲಿ ಸೂಫ್ಲೋ ಎಂಬ ವಾಸ್ತುಶಿಲ್ಪಿಯು ಸಂತಳೊಬ್ಬಳ ಹೆಸರಿನಲ್ಲಿ ಕಟ್ಟಲಾರಂಭಿಸಿದ ಭವ್ಯವಾದ ಇಗರ್ಜಿಯನ್ನು ಕ್ರಾಂತಿಯ ಸರ್ಕಾರವು 1791ರಲ್ಲಿ ವಶಕ್ಕೆ ತೆಗೆದುಕೊಂಡು, ಮಹಾಪುರುಷರಿಗೆ ಕೃತಜ್ಞವಾದ ದೇಶದ ಕಾಣಿಕೆಯೆಂದು ಹಣೆಯ ಮೇಲೆ ಕೆತ್ತಿಸಿ, ಪ್ಯಾಂಥಿಯಾನ್ ಎಂದು ಹೆಸರಿಟ್ಟಿತು. ಸಂತರ ಎಲುಬುಗಳ ಜಾಗಕ್ಕೆ ಮಹಾಪುರುಷರ ಎಲುಬುಗಳು ಬಂದವು. ಮೊದಲು ಒಳಹೊಕ್ಕವನು ಕ್ರಾಂತಿಯ ವಾಗ್ಮಿ ಮಿರಾಬೋ. ಅವನು ರಾಜನೊಡನೆ ಗುಟ್ಟಾಗಿ ವ್ಯವಹಾರ ನಡೆಸಿದ್ದನೆಂಬುದು ಬಯಲಾದಮೇಲೆ, 1794ರಲ್ಲಿ ಅವನನ್ನು ಹೊರಹಾಕಿ ಮತ್ತೊಬ್ಬ ಕ್ರಾಂತಿಕಾರನಾದ ಮರಾಟನನ್ನು ಒಳತಂದರು. ಕೆಲವೇ ತಿಂಗಳಲ್ಲಿ ಗಾಳಿ ತಿರುಗಿತು, ಮರಾಟನೂ ಹೊರಗೆ. ದೈವವು ಕೊಟ್ಟ ಸ್ವರ್ಗದಿಂದ ಪುಣ್ಯ ತೀರಿದವರು ಬೀಳುತ್ತಾರೆಂದು ನಮ್ಮವರು ಹೇಳುವುದುಂಟು. ಶಾಸನಸಭೆ ಕೊಟ್ಟ ಸ್ವರ್ಗದಿಂದ ಬೀಳುವುದಕ್ಕೆ ಪುಣ್ಯ ತೀರುವವರೆಗೂ ಕಾಯಬೇಕಾಗಿಲ್ಲ, ಬಹುಮತ ತಪ್ಪಿದರೆ ಸಾಕು.

ಅಲ್ಲಿಯೇ, ನೆಲಮಾಳಿಗೆಯಲ್ಲಿ, ತತ್ತ್ವಜ್ಞಾನಿ ರೂಸೋವಿನ ಶವಪೆಟ್ಟಿಗೆಯಿದೆ. ಅವನನ್ನು 1778ರಲ್ಲಿ ಎರ್ಮನೋನ್‌ವಿಲ್ಲಿನ ಸರೋವರದ ನಡುಗಡ್ಡೆಯಲ್ಲಿ, ಪಾಪ್ಲರ್ ಮರಗಳ ನಡುವೆ ಹೂಳಿದ್ದರು. 1794ರಲ್ಲಿ ಪ್ಯಾರಿಸ್ಸಿಗೆ ತಂದರು. ಪೆಟ್ಟಿಗೆಯ ಮೇಲೆ ಗುಡಿಯ ಬಾಗಿಲಿನಂತೆ ಒಂದು ಬಾಗಿಲನ್ನು ಕೆತ್ತಿದ್ದಾರೆ. ಓರೆ ತೆರೆದ ಆ ಬಾಗಿಲಿನಿಂದ ಒಂದು ಕೈ ಹೊರಚಾಚಿದೆ. ಕೈಯಲ್ಲಿ ಉರಿಯುವ ಪಂಜು. ಸತ್ತವನ ಬೆಳಕು ಗೋರಿಯನ್ನೂ ಭೇದಿಸಿ ಲೋಕಕ್ಕೆ ಬರುತ್ತಿದೆಯೆಂಬುದು ಭಾವ. ಕನೋವನ ಬಾಗಿಲಿಗೆ ಇದು ಎದುರಾಳಿ: ಅಲ್ಲಿ ಎಲ್ಲರೂ ಒಳಗೆ ಹೋಗುತ್ತಾರೆ, ಇಲ್ಲಿ ಒಂದು ಕೈ ಹೊರಗೆ ಬರುತ್ತದೆ. ಭಾವವೇನೋ ದೊಡ್ಡದೇ. ಆದರೆ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರೆ ಒಳಗಿರುವವನಿಗೆ ಉಸಿರು ಕಟ್ಟುತ್ತಿದೆಯೇನೋ ಎಂದು ಗಾಬರಿಯಾಗುತ್ತದೆ. ಮರಣವನ್ನು ಸೂಚಿಸಲು ಈ ಶೈಲಿಗೆ ದೊರೆತ ಸಂಕೇತಗಳಿಗೆ ಸಹಜವಾದ ಮೌನವಿದೆ. ಕೀರ್ತಿಯನ್ನು ಸೂಚಿಸಲು ಹೊರಟೊಡನೆ ಅದು ಕೈಚಾಚುತ್ತದೆ, ಕಹಳೆಯೂದುತ್ತದೆ, ಬತ್ತಲಾಗುತ್ತದೆ. ಏಕೆಂದರೆ ಮರಣವು ಸತ್ತವನದೇ; ಯಾರೂ ಅದನ್ನು ಅವನಿಂದ ಕಸಿದುಕೊಳ್ಳಲಾರರು. ಕೀರ್ತಿಯಾದರೋ ಎಂದೂ ಅವನ ಸ್ವತ್ತಲ್ಲ. ಅದು ಬದುಕಿರುವವರ ಬಾಯಲ್ಲಿರುವ ವಸ್ತು; ಅವರು ನುಡಿಯುವಷ್ಟು ದಿನ ಇರುತ್ತದೆ.

ಸ್ಮಾರಕಗಳ ಚರಿತ್ರೆಯೇ ಇದನ್ನು ಹೇಳುತ್ತದೆ. ಟ್ರಫಾಲ್ಗರಿನ ನೌಕಾಯುದ್ಧದಲ್ಲಿ 1805ರಲ್ಲಿ ಮಡಿದ ಇಂಗ್ಲಿಷ್ ದಳಪತಿ ನೆಲ್ಸನ್ನನ ದೇಹವು ಸೇಂಟ್ ಪಾಲ್ ಮಂದಿರದ ನೆಲಮಾಳಿಗೆಯಲ್ಲಿ ಕರಿಯ ಕಲ್ಲಿನ ಸೊಗಸಾದ ಪೆಟ್ಟಿಗೆಯೊಂದರ ಅಡಿಯಲ್ಲಿದೆ. ಆ ಪೆಟ್ಟಿಗೆಯನ್ನು ಮಾಡಿದ್ದು ಅವನಿಗಲ್ಲ. ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ಕಾರ್ಡಿನಲ್ ವುಲ್ಸಿಗೆ. ವುಲ್ಸಿ ರಾಜನ ಕೋಪಕ್ಕೆ ಸಿಕ್ಕಿ ಕೆಳಗೆ ಬಿದ್ದನು. ರಾಜನು ಪೆಟ್ಟಿಗೆಯನ್ನು ತನಗೆಂದು ಇಟ್ಟುಕೊಂಡನು. ಅವನಿಗೂ ಅದು ಒದಗಲಿಲ್ಲ. ಸುಮಾರು ಮುನ್ನೂರು ವರ್ಷ ವಿಂಡ್ಸರಿನಲ್ಲಿ ಬರಿದೇ ಬಿದ್ದಿದ್ದ ಕಲ್ಲು ಕಡೆಗೆ ನಾವಿಕನೊಬ್ಬನಿಗೆ ದಕ್ಕಿತು. ವಿಯೆನ್ನಾದ ಪಿರಮಿಡ್ಡಿನ ಕಥೆಯೂ ಅಂಥದೇ. ಕನೋವನು ಆ ಮೆರವಣಿಗೆಯನ್ನೂ ಆ ಬಾಗಿಲನ್ನೂ ಮೊದಲು ಕಲ್ಪಿಸಿಕೊಂಡದ್ದು ವೆನಿಸ್ಸಿನ ಚಿತ್ರಕಾರ ಟಿಷಿಯನ್ನನ ಸ್ಮಾರಕಕ್ಕಾಗಿ. ಆ ಯೋಜನೆ ಕೈಗೂಡದೆ ಹೋದದ್ದರಿಂದ ಅದನ್ನೇ ತಿದ್ದಿ ರಾಜಕುಮಾರಿಗೆ ಒಪ್ಪಿಸಿದನು. 1822ರಲ್ಲಿ ಕನೋವನೇ ಸತ್ತಾಗ ಅವನ ಶಿಷ್ಯರು ಅದೇ ನಕ್ಷೆಯಂತೆ ವೆನಿಸ್ಸಿನ ಫ್ರಾರಿ ಇಗರ್ಜಿಯಲ್ಲಿ ಅವನಿಗೆ ಸ್ಮಾರಕ ಕಟ್ಟಿ, ಅವನ ಹೃದಯವನ್ನು ಅದರಲ್ಲಿಟ್ಟರು. ದೇಹ ಹುಟ್ಟೂರಾದ ಪೊಸ್ಸಾನ್ಯೋವಿಗೆ ಹೋಯಿತು. ಚಿತ್ರಕಾರನಿಗೆ ಅಳೆದು ಹೊಲಿದ ಅಂಗಿಯನ್ನು ರಾಜಕುಮಾರಿ ತೊಟ್ಟಳು, ಕೊನೆಗೆ ದರ್ಜಿಯೇ ತೊಟ್ಟನು, ಮೂವರಿಗೂ ಸರಿಹೋಯಿತು. ಉತ್ತಮ ಪತ್ನಿಯ ಗುಣವೂ ವರ್ಣಶಿಲ್ಪಿಯ ಗುಣವೂ ಬೇರೆಬೇರೆ. ಆದರೆ ಬಾಗಿಲು ಇಬ್ಬರಿಗೂ ಒಂದೇ ಎಂದು ತಿಳಿದೇ ಕನೋವನು ಹಾಗೆ ಮಾಡಿದನೋ, ಶ್ರಮ ವ್ಯರ್ಥವಾಗಬಾರದೆಂಬ ಕಸುಬುದಾರನ ಜಾಣತನದಿಂದ ಮಾಡಿದನೋ, ಎರಡರಿಂದಲೂ ಫಲ ಒಂದೇ ಆಗಿದೆ.

ಯಶಸ್ಸೆಂಬ ಶರೀರಕ್ಕೆ ಮುಪ್ಪಿಲ್ಲ, ಸಾವಿಲ್ಲ ಎಂಬ ಮಾತು ನಮ್ಮ ಸಂಸ್ಕೃತ ಕವಿಗಳಿಗೂ ಪ್ರಿಯವಾದುದೇ. ಆದರೆ ಮಹಾಭಾರತದ ಅರಣ್ಯಪರ್ವದಲ್ಲಿ ಬರುವ ಇಂದ್ರದ್ಯುಮ್ನನ ಉಪಾಖ್ಯಾನ ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದ ಮಾತಾಡುತ್ತದೆ. ಆ ರಾಜನು ಸ್ವರ್ಗದಿಂದ ಕೆಳಗೆ ಬಿದ್ದನು. ಭೂಮಿಯಲ್ಲಿ ಅವನ ಕೀರ್ತಿ ಅಳಿದುಹೋದದ್ದೇ ಕಾರಣ. ತನ್ನನ್ನು ಬಲ್ಲವರು ಯಾರಾದರೂ ಉಂಟೆ ಎಂದು ಅವನು ಚಿರಂಜೀವಿಯಾದ ಮಾರ್ಕಂಡೇಯನನ್ನು ಕೇಳಿದನು, ಅವನಿಗೆ ಗೊತ್ತಿಲ್ಲ. ಅವನಿಗಿಂತ ಹಿರಿಯದಾದ ಗೂಬೆಯನ್ನು ಕೇಳಿದನು, ಅದಕ್ಕೂ ಗೊತ್ತಿಲ್ಲ. ಗೂಬೆಗಿಂತ ಹಿರಿಯದಾದ ಬಕಪಕ್ಷಿಗೂ ಗೊತ್ತಿಲ್ಲ. ಕಡೆಗೆ ಸರೋವರವೊಂದರಲ್ಲಿದ್ದ ಆಮೆ ಕಣ್ಣೀರು ತುಂಬಿಕೊಂಡು, ಇವನನ್ನು ನಾನು ಅರಿಯೆನೆ ಎಂದಿತು; ಈ ರಾಜನು ದಾನಕೊಟ್ಟ ಹಸುಗಳ ಗೊರಸಿನ ತುಳಿತದಿಂದಲೇ ಈ ಸರೋವರ ಆದದ್ದು, ನಾನು ಇದರಲ್ಲಿ ವಾಸವಾಗಿದ್ದೇನೆ ಎಂದಿತು. ಆ ಮಾತು ಕೇಳಿ ದೇವತೆಗಳು ರಥ ಕಳುಹಿದರು. ನನಗೆ ಇದರಲ್ಲಿ ಎರಡು ಅಂಶಗಳು ಬಹಳ ಹಿಡಿಸುತ್ತವೆ. ರಾಜನು ಆ ಸರೋವರವನ್ನು ತೋಡಿಸಿದವನಲ್ಲ. ಅಂಥದೊಂದು ಆಗಿದೆಯೆಂದೂ ಅವನು ಅರಿತಂತಿಲ್ಲ. ಅವನನ್ನು ಸ್ಮರಿಸಿದ ಪ್ರಾಣಿ ಅವನ ಯಜ್ಞದ ಹೊಗಳಿಕೆಯನ್ನು ಓದಿ ಸ್ಮರಿಸಲಿಲ್ಲ; ಅದರ ಮನೆಯೇ ಅವನಿಂದ ಆದುದರಿಂದ ಸ್ಮರಿಸಿತು. ಹೀಗಿದ್ದರೂ ಆ ಸ್ವರ್ಗವೇನೂ ಶಾಶ್ವತವೆಂದು ವ್ಯಾಸರು ಹೇಳಲಿಲ್ಲ. ಹೆಸರು ಇರುವವರೆಗೆ ಇದೆ. ಆಮೆ ಸತ್ತರೆ?

ಯೂರೋಪಿನ ಆ ನವ ಅಭಿಜಾತ ಶೈಲಿಯ ಅಲೆ ನಮ್ಮ ನಾಡನ್ನು ತಟ್ಟಿದ್ದು ಟಿಪ್ಪುವಿನ ಕಾಲದ ಯುದ್ಧಗಳಿಂದ. ಪಾಂಡವಪುರದ ಸಮೀಪದಲ್ಲಿ, ಮೈಸೂರಿನ ರೆಸಿಡೆಂಟನಾಗಿದ್ದು 1804ರಲ್ಲಿ ಸತ್ತ ಜೋಸಾಯ ವೆಬ್ ಎಂಬ ಇಂಗ್ಲಿಷನಿಗೆ ದಿವಾನ್ ಪೂರ್ಣಯ್ಯನವರು ನಿಲ್ಲಿಸಿದ ಚೌಕನೆಯ ಮೊನೆಗಂಬವಿದೆ. ಅದೇ ವೆಬ್ಬನಿಗೆ ಮದರಾಸಿನ ಕೋಟೆಯೊಳಗಿನ ಇಗರ್ಜಿಯಲ್ಲಿ ಲಂಡನ್ನಿನ ಫ್ಲಾಕ್ಸ್‌ಮನ್ ಕೆತ್ತಿದ ಅಮೃತಶಿಲೆಯ ಸ್ಮಾರಕವಿದೆ. ಆಚಾರವಂತರಾದ ಮಾಧ್ವ ಬ್ರಾಹ್ಮಣರೊಬ್ಬರು, ಈಜಿಪ್ಟಿನಲ್ಲಿ ಹುಟ್ಟಿ ರೋಮಿನಲ್ಲಿ ಬೆಳೆದು ಇಂಗ್ಲೆಂಡಿನ ಮೂಲಕ ಬಂದ ಕಂಬವನ್ನು ಮಂಡ್ಯದ ಸೀಮೆಯಲ್ಲಿ ಊರಿಸಿದರೆಂಬುದು ಸ್ವಾರಸ್ಯವಲ್ಲವೆ?

ಬೆಂಗಳೂರಿನಲ್ಲೂ ಒಂದು ಕಂಬವಿದ್ದಿತು. 1791ರ ಮುತ್ತಿಗೆಯಲ್ಲಿ ಮಡಿದ ಇಂಗ್ಲಿಷ್ ಪಕ್ಷದವರ ನೆನಪಿಗೆಂದು ಈಗಿನ ಹಡ್ಸನ್ ವೃತ್ತದ ಬಳಿ ನಿಲ್ಲಿಸಿದ್ದ ಅದಕ್ಕೆ ಸೆನೊಟಾಫ್, ಎಂದರೆ ಬರಿದಾದ ಗೋರಿ, ಎಂದು ಹೆಸರಿತ್ತು. ಅದರಿಂದಾಗಿ ಅಲ್ಲಿಂದ ಹೊರಡುವ ಬೀದಿಗೆ ಸೆನೊಟಾಫ್ ರಸ್ತೆಯೆಂದು ಹೆಸರಾಗಿತ್ತು. ನಮ್ಮ ನೆಲವನ್ನು ಗೆಲ್ಲಬಂದವರ ಕೀರ್ತಿಸ್ತಂಭ ನಮ್ಮ ನಡುವೆ ಏಕೆಂದು ಕನ್ನಡಿಗರು ಕೇಳಿದರು; 1964ರಲ್ಲಿ ಅದನ್ನು ಕೆಡವಲಾಯಿತು. ಬೀದಿಯ ಹೆಸರೂ ಬದಲಾಗಿ ನೃಪತುಂಗ ರಸ್ತೆಯಾಯಿತು. ನೃಪತುಂಗನು ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ಚಕ್ರವರ್ತಿ. ಕನ್ನಡಿಗರು ಅವನನ್ನು ನೆನೆಯುವುದು ಅವನ ಯುದ್ಧಗಳಿಗಾಗಿ ಅಲ್ಲ, ಕವಿರಾಜಮಾರ್ಗವೆಂಬ ಗ್ರಂಥ ಅವನ ಹೆಸರಿನೊಡನೆ ಬೆಸೆದುಕೊಂಡಿರುವುದಕ್ಕಾಗಿ. ಆ ಗ್ರಂಥವನ್ನು ನಿಜವಾಗಿ ಬರೆದವನು ದೊರೆಯಲ್ಲ, ಅವನ ಆಸ್ಥಾನದಲ್ಲಿದ್ದ ಶ್ರೀವಿಜಯನೆಂಬ ಕವಿಯೆಂದು ವಿದ್ವಾಂಸರಲ್ಲಿ ಬಹುಮಂದಿ ಈಗ ಒಪ್ಪುತ್ತಾರೆ. ಬೀದಿಯ ಫಲಕದಲ್ಲಿ ಮಾತ್ರ ದೊರೆಯ ಹೆಸರೇ ಇದೆ.